ಕೀಲುನೋವಿನ ಹೆಸರು ಹುಡುಕಿದವರು

ಕೀಲು ಹಿಡಿದುಕೊಳ್ಳುವ ರೋಗಗಳು ಹಲವು. ಶುರುವಿನಲ್ಲಿ ಎಲ್ಲವೂ ಒಂದೇ ಥರ ಕಾಣುತ್ತವೆ. ಅವನ್ನು ಬೇರ್ಪಡಿಸಲು ಲಂಡನ್ನಿನ ವೈದ್ಯ ಆಲ್ಫ್ರೆಡ್ ಬೇರಿಂಗ್ ಗ್ಯಾರಡ್ 1854ರಲ್ಲಿ ನೆಚ್ಚಿಕೊಂಡದ್ದು ಒಂದೆಳೆ ದಾರವನ್ನು. ರೋಗಿಯ ರಕ್ತದ ತಿಳಿಗೆ ಅಸಿಟಿಕ್ ಆಮ್ಲ ಬೆರೆಸಿ, ದಾರ ಇಳಿಬಿಟ್ಟು ಕಾಯುತ್ತಿದ್ದರು. ಗೌಟ್ ಇದ್ದರೆ, ಕಲ್ಲುಸಕ್ಕರೆ ಕಟ್ಟುವ ಹಾಗೆ, ದಾರಕ್ಕೆ ಯೂರಿಕ್ ಆಮ್ಲದ ಹರಳು ಕಟ್ಟುತ್ತಿತ್ತು. ಇನ್ನೊಂದು ಬೇನೆಗೆ ‘ರುಮಟಾಯ್ಡ್ ಆರ್ಥ್ರೈಟಿಸ್’ ಎಂಬ ಹೆಸರನ್ನು 1859ರಲ್ಲಿ ಕೊಟ್ಟವರೂ ಅವರೇ.

ನನ್ನ ಬೇನೆಗೆ ಹೆಸರು ಸಿಗಲು ವರ್ಷಗಳೇ ಹಿಡಿದವು. ಬೆಳಗಾದರೆ ಸೊಂಟ ಮರಗಟ್ಟಿರುತ್ತಿತ್ತು. ಮಗ್ಗುಲಾಗಿ, ಮಂಚದ ಅಂಚು ಹಿಡಿದು ಏಳಬೇಕು. ಓಡಾಡಿದ ಮೇಲೆ ಸಡಿಲವಾಗುತ್ತಿತ್ತು. ಉಳುಕು ಎಂದರು, ಡಿಸ್ಕ್ ಎಂದರು. ಕೊನೆಗೆ ಸಂಧಿವಾತ ತಜ್ಞೆಯೊಬ್ಬರು ಬೆನ್ನ ಮೇಲೆ ಪೆನ್ನಿನಿಂದ 10 ಸೆಂ.ಮೀ. ಅಂತರದಲ್ಲಿ ಎರಡು ಗುರುತು ಹಾಕಿ, ಬಗ್ಗಲು ಹೇಳಿ, ಟೇಪು ಹಿಡಿದರು. ಅಂತರ 15ರ ಹತ್ತಿರ ಹಿಗ್ಗಬೇಕಿತ್ತು. ನನ್ನದು 12ನ್ನೂ ಮುಟ್ಟಲಿಲ್ಲ. ಆಮೇಲೆ ಸ್ಕ್ಯಾನ್, ರಕ್ತಪರೀಕ್ಷೆ: ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿ ಗುರುತು ಪಾಸಿಟಿವ್. ರೋಗ ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್.

ಆ ಬಿ27ರ ನಂಟು ಗೊತ್ತಾದದ್ದು 1973ರಲ್ಲಿ. ಲಂಡನ್ನಿನಲ್ಲಿ ಬ್ರೂವರ್ಟನ್ ತಂಡ ನೋಡಿದ 75 ರೋಗಿಗಳಲ್ಲಿ 72 ಮಂದಿಗೆ ಅದಿತ್ತು; ಹೋಲಿಕೆಗೆ ನೋಡಿದ 75 ಮಂದಿಯಲ್ಲಿ ಮೂವರಿಗೆ ಮಾತ್ರ. ಅದೇ ವರ್ಷ ಲಾಸ್ ಏಂಜಲೀಸಿನಲ್ಲಿ ಪಾಲ್ ಟೆರಸಾಕಿ ಮತ್ತು ಸಂಗಡಿಗರೂ ಇದನ್ನೇ ಕಂಡರು. ಅಂಗಾಂಗ ಕಸಿಗೆ ಹೊಂದಾಣಿಕೆ ನೋಡಲೆಂದು ಬೆಳೆದ, ಇಂಥ ಗುರುತು ಪತ್ತೆಹಚ್ಚುವ ವಿದ್ಯೆ ನಮ್ಮಂಥವರ ಬೆನ್ನಿಗೂ ಬಂತು. ಆದರೆ ಬಿ27 ಇದ್ದವರಲ್ಲಿ ಹೆಚ್ಚಿನವರಿಗೆ ಈ ರೋಗ ಬರುವುದೇ ಇಲ್ಲ. ನನ್ನ ತಂಗಿಗೂ ಅದಿದೆ. ದಿನಾ ಬಗ್ಗಿ ಅಂಗಳದ ತುಂಬ ರಂಗೋಲಿ ಹಾಕುತ್ತಾಳೆ.

ಒಂದೇ ಗುರುತಿನ ಈ ಮಿತಿಯನ್ನು ದಾಟಲು 2020ರಲ್ಲಿ ರೇಚೆಲ್ ಕ್ನೆವೆಲ್ ಮತ್ತು ಸಹೋದ್ಯೋಗಿಗಳು ‘ಜಿ-ಪ್ರಾಬ್’ ಎಂಬ ಲೆಕ್ಕಾಚಾರ ಪ್ರಕಟಿಸಿದರು. ವಂಶವಾಹಿಗಳಲ್ಲಿನ ಅನೇಕ ಸಣ್ಣ ವ್ಯತ್ಯಾಸಗಳನ್ನು ತೂಕ ಹಾಕಿ ಕೂಡಿಸಿ, ಗೌಟ್, ರುಮಟಾಯ್ಡ್, ಲೂಪಸ್, ಸೋರಿಯಾಟಿಕ್ ಆರ್ಥ್ರೈಟಿಸ್, ಆ್ಯಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಐದರಲ್ಲಿ ಯಾವುದರ ಸಂಭವ ಎಷ್ಟು ಎಂದು ಅದು ಹೇಳುತ್ತದೆ. ಯಾವುದು ಇರಲಾರದು ಎಂದು ಬದಿಗಿಡಲೂ ನೆರವಾಗುತ್ತದೆ. ಬೆನ್ನಿಗೆ ಟೇಪು ಹಿಡಿಯುವ ವೈದ್ಯರು ಆಗಲೂ ಬೇಕು. ಎಲ್ಲಿಂದ ಹುಡುಕಲು ತೊಡಗಬೇಕೆಂಬುದು ಮಾತ್ರ ಬೇಗ ತಿಳಿಯುತ್ತದೆ.

ಆದರೆ ಇಂಥ ಅಂಕಗಳಿಗೆ ಆಧಾರವಾದದ್ದು ಬಹುಪಾಲು ಯುರೋಪ್ ಮೂಲದವರ ಮಾಹಿತಿ. ಆ ತೂಕವನ್ನು ಹಾಗೇ ತಂದು ನಮ್ಮವರಿಗೆ ಹಚ್ಚಲಾಗದು. ನಮ್ಮ ರೋಗಿಗಳ ರಕ್ತ, ನಮ್ಮ ಮನೆತನಗಳ ರೋಗಚರಿತ್ರೆ ಆ ಲೆಕ್ಕಕ್ಕೆ ಸೇರಬೇಕು. ನನಗೆ ಹೋದ ವರ್ಷಗಳು ಹೋದವು. ಇವತ್ತು ಮಂಚದ ಅಂಚು ಹಿಡಿದು ಏಳುತ್ತಿರುವ ಹುಡುಗ ಹುಡುಗಿಯರಿಗೆ ಅಷ್ಟು ಕಾಯುವ ಪಾಡು ಬರಬಾರದು.