ತಲಪಾಡಿ ಗೇಟಿನಾಚೆಯ ವಿಷ ಜಿನೀವಾ ಮುಟ್ಟಿದ್ದು ಹೇಗೆ?

ಉಳ್ಳಾಲದವರಿಗೆ ಗೇರು ಹೊಸದಲ್ಲ. ನಮ್ಮೂರಿನ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಉಳ್ಳಾಲ-1, ಉಳ್ಳಾಲ-3 ತಳಿಗಳು ಕರಾವಳಿಯ ಗೇರು ಬೆಳೆಗಾರರಿಗೆಲ್ಲ ಗೊತ್ತು. ಟೀ ಸೊಳ್ಳೆಯ ಕಾಟವೂ ಗೊತ್ತು. ಚಿಗುರು, ಹೂಗೊಂಚಲಿನ ರಸ ಹೀರಿ ಕರಟಿಸಿಬಿಡುವ ಪುಟ್ಟ ಕೀಟ ಅದು. ಅದನ್ನು ಕೊಲ್ಲಲೆಂದು ತಲಪಾಡಿ ಗೇಟಿನಾಚೆ, ಕಾಸರಗೋಡಿನ ಗುಡ್ಡಗಳ ಮೇಲೆ ಸುರಿದ ಎಂಡೋಸಲ್ಫಾನ್ ಕೊನೆಗೆ ಜಗತ್ತಿನ ರಾಷ್ಟ್ರಗಳ ಸಭೆಯವರೆಗೆ ಹೋಯಿತು.

ಅಲ್ಲಿ ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಶನ್‌ಗೆ ಸುಮಾರು 4,600 ಹೆಕ್ಟೇರ್ ಗೇರುತೋಟವಿತ್ತು. ಸುಮಾರು ಕಾಲು ಶತಮಾನ, 2000ದವರೆಗೆ, ಹೆಲಿಕಾಪ್ಟರಿನಿಂದಲೇ ಸಿಂಪಡಣೆ. ಗೇರು ಇರುವುದು ಗುಡ್ಡದ ನೆತ್ತಿಯಲ್ಲಿ. ಮನೆ, ತೋಡು, ಬಾವಿ, ಕುಡಿಯುವ ನೀರಿನ ಸುರಂಗ ಎಲ್ಲ ಕೆಳಗೆ. ಮೇಲೆ ಬಿದ್ದದ್ದು ಕೆಳಗಿಳಿಯದೆ ಎಲ್ಲಿಗೆ ಹೋದೀತು? ನಮ್ಮ ಜಿಲ್ಲೆಯ ಕೊಕ್ಕಡ, ನಿಡ್ಲೆ, ಪಟ್ರಮೆ ಕಡೆಯ ಸರ್ಕಾರಿ ಗೇರುತೋಟಗಳ ಮೇಲೂ ಇದೇ ವಿಷ ಬಿತ್ತು.

ಮೊದಲು ಕಂಡದ್ದು ಕರುಗಳಲ್ಲಿ. ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳ ಬಗ್ಗೆ 1979ರಲ್ಲೇ ಪತ್ರಕರ್ತ ಶ್ರೀ ಪಡ್ರೆ ಬರೆದರು. ನಮ್ಮಂಥ ಸ್ಟ್ರಿಂಜರ್‌ಗಳು ನೆನಪಿಡಬೇಕಾದ ವರದಿ ಅದು. ಆಮೇಲೆ ವಾಣಿನಗರದ ಡಾ. ವೈ.ಎಸ್. ಮೋಹನಕುಮಾರ್ ತಮ್ಮ ರೋಗಿಗಳಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟಿನಿಂದ ಬಂದ ಊನ, ಕ್ಯಾನ್ಸರ್ ಹೆಚ್ಚುತ್ತಿರುವುದನ್ನು ಗುರುತಿಸಿದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ಸಿಂಪಡಣೆಗೆ ತಡೆ ತಂದರು.

ಇನ್ನು ಜಿನೀವಾದ ಕತೆ. ಮಣ್ಣಿನಲ್ಲಿ, ಮೈಯಲ್ಲಿ ಬಹುಕಾಲ ಉಳಿಯುವ ವಿಷಗಳನ್ನು ಜಗತ್ತಿನಿಂದಲೇ ತೆಗೆಯಲು ಸ್ಟಾಕ್‌ಹೋಮ್ ಒಪ್ಪಂದ ಎಂಬುದೊಂದಿದೆ. ಎಂಡೋಸಲ್ಫಾನನ್ನು ಆ ಪಟ್ಟಿಗೆ ಸೇರಿಸಬೇಕೆಂದು 2007ರಲ್ಲಿ ಐರೋಪ್ಯ ಒಕ್ಕೂಟ ಕೇಳಿತು. ಬಲವಾಗಿ ಅಡ್ಡ ನಿಂತದ್ದು ಭಾರತ. ಈ ಕೀಟನಾಶಕವನ್ನು ಅತಿ ಹೆಚ್ಚು ತಯಾರಿಸಿ ಬಳಸುತ್ತಿದ್ದ ದೇಶವೂ ನಮ್ಮದೇ. ಹಾನಿಗೆ ವೈಜ್ಞಾನಿಕ ಪುರಾವೆ ಸಾಲದು, ಬದಲಿ ಔಷಧ ಸಣ್ಣ ರೈತನಿಗೆ ದುಬಾರಿ ಎಂಬುದು ದೆಹಲಿಯ ವಾದ. ಬೆಲೆಯ ಮಾತು ಸುಳ್ಳಲ್ಲ. ಆದರೆ ಪುರಾವೆ ಸಾಲದು ಎಂದವರು ಒಮ್ಮೆ ಎಣ್ಮಕಜೆಗೆ ಬರಬಹುದಿತ್ತು.

ಇದೇ ಭಾರತ ಇನ್ನೊಂದು ಒಪ್ಪಂದದಲ್ಲಿ ಬೇರೆಯೇ ರೀತಿ ನಡೆದುಕೊಂಡಿತ್ತು. ರಾಸಾಯನಿಕ ಅಸ್ತ್ರಗಳ ನಿಷೇಧ ಒಪ್ಪಂದ 1997ರ ಏಪ್ರಿಲ್ 29ರಂದು ಜಾರಿಗೆ ಬಂದಾಗ, ತನ್ನಲ್ಲಿ ಸಾವಿರ ಟನ್ನಿಗೂ ಮಿಕ್ಕಿ ಮಸ್ಟರ್ಡ್ ಗ್ಯಾಸ್ ಇದೆಯೆಂದು ಭಾರತ ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ತಪಾಸಣೆಗೆ ಬಾಗಿಲು ತೆರೆದು 2009ರೊಳಗೆ ಎಲ್ಲವನ್ನೂ ನಾಶಮಾಡಿತು. ಯುದ್ಧದ ವಿಷಕ್ಕೂ ತೋಟದ ವಿಷಕ್ಕೂ ನಂಟು ದೂರದ್ದೇನಲ್ಲ. ನರಗಳ ಮೇಲೆ ಎರಗುವ ಟಬುನ್ ಅನಿಲ 1936ರಲ್ಲಿ ಜರ್ಮನಿಯಲ್ಲಿ ಸಿಕ್ಕಿದ್ದೇ ಕೀಟನಾಶಕ ಹುಡುಕುವಾಗ.

2011ರ ಏಪ್ರಿಲ್ 25ಕ್ಕೆ ಜಿನೀವಾ ಸಭೆ ಶುರುವಾಯಿತು. ಅದೇ ದಿನ ತಿರುವನಂತಪುರದಲ್ಲಿ ಕೇರಳದ ಮುಖ್ಯಮಂತ್ರಿ ವಿ.ಎಸ್. ಅಚ್ಯುತಾನಂದನ್ ಉಪವಾಸ ಕೂತರು. ಕರ್ನಾಟಕ ಫೆಬ್ರವರಿಯಲ್ಲೇ ನಿಷೇಧಿಸಿತ್ತು. ಎರಡು ರಾಜ್ಯಗಳು ಒಂದು ಕಡೆ, ದೆಹಲಿಯ ನಿಯೋಗ ಇನ್ನೊಂದು ಕಡೆ. ಅಂಥ ಸಭೆಯಲ್ಲಿ ಸಾಮಾನ್ಯವಾಗಿ ಕೈ ಎತ್ತಿಸಿ ತೀರ್ಮಾನಿಸುವುದಿಲ್ಲ, ಎಲ್ಲರನ್ನೂ ಒಪ್ಪಿಸಿ ಮುಂದೆ ಹೋಗಲು ನೋಡುತ್ತಾರೆ. ಹಾಗಾಗಿ ಚೌಕಾಸಿ ನಡೆಯಿತು. ಹತ್ತಿ, ಭತ್ತ, ಕಾಫಿ, ಮಾವು, ಟೊಮೆಟೊ ಮುಂತಾದ ಬೆಳೆಗಳಿಗೆ ಕೆಲವು ವರ್ಷದ ವಿನಾಯಿತಿ, ಬದಲಿ ಔಷಧಕ್ಕೆ ಹಣದ ನೆರವು ಎಂದಾದ ಮೇಲೆ ಭಾರತ ಒಪ್ಪಿತು. ಅಂದೂ ಏಪ್ರಿಲ್ 29. ಆ ಬೆಳೆಗಳ ಪಟ್ಟಿ ಓದಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ: ಗೇರು ಅದರಲ್ಲಿಲ್ಲ. ಇಷ್ಟೆಲ್ಲ ಯಾವ ಬೆಳೆಯಿಂದ ಶುರುವಾಯಿತೋ ಅದಕ್ಕೆ ವಿನಾಯಿತಿ ಸಿಗಲಿಲ್ಲ.

ಆದರೂ ಕೆಲಸ ಮುಗಿದಿರಲಿಲ್ಲ. ಪಟ್ಟಿಗೆ ಹೊಸದಾಗಿ ಸೇರುವ ಪ್ರತಿ ರಾಸಾಯನಿಕವನ್ನೂ ತಾನು ಬೇರೆಯಾಗಿ ಅನುಮೋದಿಸಿದರೆ ಮಾತ್ರ ಅದು ತನಗೆ ಅನ್ವಯ ಎಂದು ಭಾರತ ಮೊದಲೇ ಷರತ್ತು ಹಾಕಿತ್ತು. ಜಿನೀವಾದಲ್ಲಿ ಹೂಂ ಅಂದ ಮಾತ್ರಕ್ಕೆ ಕಾರ್ಖಾನೆಯ ಬಾಗಿಲು ಮುಚ್ಚಬೇಕೆಂದಿಲ್ಲ. ಮುಚ್ಚಿಸಿದ್ದು ಸುಪ್ರೀಂ ಕೋರ್ಟ್. ಎರಡೇ ವಾರದಲ್ಲಿ, ಮೇ 13ರಂದು, ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗೆ ತಡೆ ಬಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟ್ ಕೇರಳಕ್ಕೆ ಹೇಳುವಾಗ 2017 ಬಂದಿತ್ತು. ಕೊಕ್ಕಡದಲ್ಲಿ ಸಂತ್ರಸ್ತ ಮಕ್ಕಳಿಗೆ ಪಾಲನಾ ಕೇಂದ್ರ ತೆರೆದರು. ಅಲ್ಲಿನ ಹಲವರು ಹರೆಯ ದಾಟಿದರೂ ಊಟಕ್ಕೆ, ಸ್ನಾನಕ್ಕೆ ಇನ್ನೊಬ್ಬರ ಕೈ ಬೇಕು.

ಉಳಿದದ್ದು ದಾಸ್ತಾನಿನ ಪ್ರಶ್ನೆ. ಮಸ್ಟರ್ಡ್ ಗ್ಯಾಸಿನ ಲೆಕ್ಕವನ್ನು ಹೊರಗಿನವರು ಬಂದು ನೋಡಿದರು. ಕಾಸರಗೋಡಿನ ಗೋದಾಮುಗಳಲ್ಲಿ ಉಳಿದ ಎಂಡೋಸಲ್ಫಾನನ್ನು ಸೋರುವ ಡ್ರಮ್‌ಗಳಿಂದ ಬೇರೆ ಬ್ಯಾರಲ್‌ಗಳಿಗೆ ತುಂಬಿಸಿದ್ದೇ 2012ರಲ್ಲಿ. ನಮ್ಮ ಜಿಲ್ಲೆಯ ಗಡಿಗೆ ತಾಗಿದ ಮಿಂಚಿನಪದವಿನ ಗೇರುತೋಟದಲ್ಲಿ ಒಂದಷ್ಟನ್ನು ಹಾಳುಬಾವಿಗೆ ಹಾಕಿ ಮುಚ್ಚಲಾಗಿದೆ ಎಂಬ ದೂರು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಹೋಗಿದೆ. ಆ ಪದವಿನ ಎರಡೂ ಬದಿಯ ತಗ್ಗಿನಲ್ಲಿ ಜನ ಈಗಲೂ ಬಾವಿ ನೀರನ್ನೇ ಕುಡಿಯುತ್ತಾರೆ.