ಸುಳ್ಳು ಸಾಕ್ಷಿಗಳ ಲೆಕ್ಕ

1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೆ ಬ್ರಿನ್, ತಮ್ಮ ಮೇಷ್ಟ್ರುಗಳ ಜೊತೆ ಸೇರಿ ಪೇಜ್‌ರ‍್ಯಾಂಕ್ ಎಂಬ ಲೆಕ್ಕದ ಬಗ್ಗೆ ಒಂದು ವರದಿ ಬರೆದರು. ಒಂದು ಪುಟಕ್ಕೆ ಬೇರೆ ಎಷ್ಟು ಪುಟಗಳು ಕೊಂಡಿ ಹಾಕಿವೆ, ಹಾಗೆ ಹಾಕಿದವುಗಳ ತೂಕವೆಷ್ಟು ಎಂಬುದರ ಮೇಲೆ ಆ ಪುಟದ ತೂಕ. ಕೊಂಡಿ ಅಂದರೆ ಒಂದು ಸಾಕ್ಷಿ. ದೊಡ್ಡವರ ಸಾಕ್ಷಿಗೆ ಹೆಚ್ಚು ಬೆಲೆ. ಇದು ಪೂರ್ತಿ ಅವರದೇ ಯೋಚನೆಯೇನಲ್ಲ. ಯಾವ ವಿಜ್ಞಾನ ಲೇಖನವನ್ನು ಯಾರು ಯಾರು ಉಲ್ಲೇಖಿಸಿದ್ದಾರೆ ಎಂದು ಎಣಿಸುವ ಸೂಚಿಯನ್ನು ಯೂಜೀನ್ ಗಾರ್ಫೀಲ್ಡ್ 1960ರ ದಶಕದಲ್ಲೇ ಹೊರತಂದಿದ್ದರು.

ಆ ವರದಿಯಲ್ಲಿ ನಾನು ಮತ್ತೆ ಮತ್ತೆ ಓದುವ ಒಂದು ಭಾಗವಿದೆ. ವ್ಯಾಪಾರಿಗಳು ಈ ಲೆಕ್ಕವನ್ನು ತಿರುಚಬಹುದಲ್ಲ ಎಂಬ ಅನುಮಾನವನ್ನು ಅವರೇ ಎತ್ತಿ, ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಕೊಂಡಿಗಳನ್ನು ದುಡ್ಡು ಕೊಟ್ಟು ಕೊಳ್ಳಬಹುದು ನಿಜ, ಆದರೆ ಅದಕ್ಕೆ ಖರ್ಚಾಗುತ್ತದಲ್ಲ, ಹಾಗಾಗಿ ಅದು ಹತೋಟಿಯಲ್ಲೇ ಇರುತ್ತದೆ ಎಂಬುದು ಅವರ ವಾದದ ಸಾರ.

ಖರ್ಚಾಗುತ್ತದೆ ಎಂಬುದು ಕ್ಯಾಲಿಫೋರ್ನಿಯಾದ ಲೆಕ್ಕ. ವರದಿ ಬರೆಯುವ ಹೊತ್ತಿಗೆ ನಮ್ಮ ವೈಟ್‌ಫೀಲ್ಡಿನಲ್ಲಿ ಐಟಿಪಿಎಲ್ ಕಟ್ಟಡಗಳು ಏಳುತ್ತಿದ್ದವು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಕಾಡುಗೋಡಿ, ಹೋಪ್ ಫಾರ್ಮ್, ಚನ್ನಸಂದ್ರದ ಸುತ್ತ ಪಿಜಿಗಳು ತುಂಬಿಕೊಂಡವು. ಗಾಜಿನ ಕಟ್ಟಡಗಳಲ್ಲಿ ಕೆಲಸ ಸಿಗದ ಪದವೀಧರರಿಗೆ ಬೇಕರಿಯ ಮಹಡಿಯ ಮೇಲಿನ ಸಣ್ಣ ಆಫೀಸುಗಳಿದ್ದವು. ಅಲ್ಲಿ, ಮತ್ತು ದೇಶದ ಎಷ್ಟೋ ಊರುಗಳಲ್ಲಿ, ಕೊಂಡಿ ಕಟ್ಟುವುದು ದಿನಗೂಲಿಯಂಥ ಕೆಲಸವಾಯಿತು. ಯಾರೂ ಓದದ ಡೈರೆಕ್ಟರಿಗಳಿಗೆ ಹೆಸರು ಸೇರಿಸುವುದು, ಒಂದೇ ಲೇಖನದ ಪದಗಳನ್ನು ಅದಲುಬದಲು ಮಾಡಿ ಐವತ್ತು ತಾಣಗಳಿಗೆ ಹಾಕುವುದು, ಯಾರದೋ ಬ್ಲಾಗಿನ ಕೆಳಗೆ 'ತುಂಬಾ ಚೆನ್ನಾಗಿದೆ' ಎಂದು ಬರೆದು ದೂರದೇಶದ ಸೋಫಾ ಅಂಗಡಿಯ ವಿಳಾಸ ಅಂಟಿಸುವುದು. ಈ ಅಂಟಿಸುವಿಕೆಯನ್ನು ತಡೆಯಲೆಂದೇ 2005ರ ಜನವರಿಯಲ್ಲಿ 'ನೋಫಾಲೋ' ಎಂಬ ಗುರುತು ಬಂತು: ಈ ಕೊಂಡಿಗೆ ನಾನು ಜವಾಬ್ದಾರನಲ್ಲ, ಎಣಿಸಬೇಡಿ ಎಂದು ಸರ್ಚ್ ಎಂಜಿನ್ನಿಗೆ ಹೇಳುವ ಚೀಟಿ. ಕಸ ಅದರಿಂದ ನಿಲ್ಲಲಿಲ್ಲ.

ದೊಡ್ಡವರೂ ಹಿಂದೆ ಬಿದ್ದಿರಲಿಲ್ಲ. 2011ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಅಮೆರಿಕದ ಜೆ.ಸಿ. ಪೆನಿ ಅಂಗಡಿಗಳ ಕಥೆ ಬರೆಯಿತು. ಬಟ್ಟೆ, ಹಾಸಿಗೆ ಅಂತ ಏನು ಹುಡುಕಿದರೂ ಅದೇ ಮೊದಲು ಬರುತ್ತಿತ್ತು. ಹಿಂದೆ ನೋಡಿದರೆ ಸಂಬಂಧವೇ ಇಲ್ಲದ ಸಾವಿರಾರು ಪುಟಗಳ ಕೊಂಡಿಗಳು. ಮರುವರ್ಷ, 2012ರ ಏಪ್ರಿಲ್ 24ರಂದು, ಗೂಗಲ್ 'ಪೆಂಗ್ವಿನ್' ಅನ್ನು ಬಿಟ್ಟಿತು. ಸುಳ್ಳು ಸಾಕ್ಷಿ ತಂದವನ ಮಾತನ್ನು ತಳ್ಳಿಹಾಕುವುದಷ್ಟೇ ಅಲ್ಲ, ಅವನನ್ನೇ ಹಿಂದಿನ ಬೆಂಚಿಗೆ ಕಳಿಸುವ ಕ್ರಮ ಅದು. ರಾತ್ರೋರಾತ್ರಿ ಎಷ್ಟೋ ಸಣ್ಣ ವ್ಯಾಪಾರಿಗಳು ಮೊದಲ ಪುಟದಿಂದ ಕಣ್ಮರೆಯಾದರು. ಕೊಂಡಿ ಕೊಂಡದ್ದು ತಮ್ಮ ಹೆಸರಿನಲ್ಲಿ ಎಂಬುದೇ ಅವರಲ್ಲಿ ಹಲವರಿಗೆ ಗೊತ್ತಿರಲಿಲ್ಲ.

ನಾನು ಕಾಡುಗೋಡಿಯ ಇಂಥದೊಂದು ಆಫೀಸಿಗೆ ಸೇರಿದ್ದು ಈ ಗಲಾಟೆಯ ನಂತರ. ಕಟ್ಟುವ ಕೆಲಸ ಮುಗಿದು ಕೀಳುವ ಕೆಲಸ ಶುರುವಾಗಿತ್ತು. ಒಂದೊಂದು ತಾಣದ ಮಾಲೀಕನಿಗೂ 'ದಯವಿಟ್ಟು ನಮ್ಮ ಕೊಂಡಿ ತೆಗೆಯಿರಿ' ಎಂದು ಮೇಲ್ ಬರೆಯಬೇಕು, ಬರೆದದ್ದಕ್ಕೆ ಲೆಕ್ಕ ಇಡಬೇಕು. ಹಾಕಲು ದುಡ್ಡು ತೆಗೆದುಕೊಂಡವರೇ ಈಗ ತೆಗೆಯಲೂ ದುಡ್ಡು ಕೇಳುತ್ತಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ಗೂಗಲ್ 'ಡಿಸವೋ' ಎಂಬ ಸೌಲಭ್ಯ ಕೊಟ್ಟಿತ್ತು. ಒಂದು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಸಾಲಿಗೊಂದರಂತೆ ಬೇಡದ ತಾಣಗಳ ಹೆಸರು ಬರೆದು ಕಳಿಸಿದರೆ, ಅವುಗಳ ಸಾಕ್ಷಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೊಂಡಿ ಇದ್ದಲ್ಲೇ ಇರುತ್ತದೆ, ಮಾತು ಮಾತ್ರ ನಡೆಯುವುದಿಲ್ಲ.

ಇತಿಹಾಸ ಓದಿದವರಿಗೆ ಇದು ಹೊಸದಲ್ಲ. ಕೂಟಶಾಸನಗಳ ಜಗಳ ನೆನಪಿಸಿಕೊಳ್ಳಿ. ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳನ್ನು ಪ್ರಕಟಿಸಿದರು. ಗಂಗರ ಅವಿನೀತನ ಹೆಸರಿನ ಮಡಿಕೇರಿ ತಾಮ್ರಪಟಗಳನ್ನು ಅವರು ನಂಬಿದರು. ಧಾರವಾಡ, ಬೆಳಗಾವಿ ಸೀಮೆಯ ಶಾಸನಗಳಲ್ಲಿ ಪಳಗಿದ ಜೆ.ಎಫ್. ಫ್ಲೀಟ್ ನಂಬಲಿಲ್ಲ. ಪಟದಲ್ಲಿರುವ ಕಾಲ ಒಂದು, ಅಕ್ಷರದ ಬಾಗು ಬಳುಕು ಹೇಳುವ ಕಾಲ ಇನ್ನೊಂದು ಎಂದರು. 1901ರಲ್ಲಿ ಖೊಟ್ಟಿ ಎನಿಸಿದ ಶಾಸನಗಳ ಪಟ್ಟಿಯನ್ನೇ ಅಚ್ಚು ಹಾಕಿಸಿದರು. ಭೂಮಿಯ ಹಕ್ಕಿಗಾಗಿ ಯಾರೋ ಹಳೆಯ ರಾಜನಿಂದ ಬರೆಸಿಕೊಂಡಂತೆ ನಟಿಸಿದ್ದರು ಎಂಬುದು ಅನುಮಾನ. ಫ್ಲೀಟರದೂ ಒಂಥರಾ ಡಿಸವೋ ಫೈಲೇ. ಆದರೆ ಖೊಟ್ಟಿ ಅಂತ ಅನುಮಾನ ಬಂದ ತಾಮ್ರಪಟಗಳನ್ನು ವಿದ್ವಾಂಸರು ಕರಗಿಸಲು ಹೇಳಲಿಲ್ಲ. ಎಣಿಕೆಯಿಂದ ಹೊರಗಿಟ್ಟರು, ಅಷ್ಟೆ. ಫ್ಲೀಟ್ ತಳ್ಳಿಹಾಕಿದ್ದರಲ್ಲಿ ಕೆಲವನ್ನು ಮುಂದಿನವರು ಮತ್ತೆ ಕೈಗೆತ್ತಿಕೊಂಡು ನೋಡಿದ್ದೂ ಉಂಟು.

ಗೂಗಲ್ಲಿಗೆ ಈ ವಿವೇಕ ಬರಲು 2016ರ ಸೆಪ್ಟೆಂಬರ್ ಆಗಬೇಕಾಯಿತು. ಪೆಂಗ್ವಿನ್ನಿನ ನಾಲ್ಕನೇ ಆವೃತ್ತಿ ಕಸದ ಕೊಂಡಿ ಕಂಡರೆ ಇಡೀ ತಾಣವನ್ನು ಕೆಳಗೆ ತಳ್ಳುವ ಬದಲು ಆ ಕೊಂಡಿಯ ಬೆಲೆಯನ್ನು ಕಡಿಮೆ ಮಾಡತೊಡಗಿತು. ಆಮೇಲಿನಿಂದ ನನ್ನ ಸಲಹೆ ಒಂದೇ: ಗೂಗಲ್ ಕಡೆಯಿಂದ 'ಅಸಹಜ ಕೊಂಡಿಗಳು' ಎಂಬ ಕೈಬರಹದ ದಂಡನೆ, ಅಂದರೆ ಮನುಷ್ಯರೇ ನೋಡಿ ವಿಧಿಸುವ ಕ್ರಮ, ಬಂದಿದ್ದರೆ ಅಥವಾ ಹಿಂದೆ ದುಡ್ಡು ಕೊಟ್ಟು ಕೊಂಡದ್ದರಿಂದ ಬರುವ ಸಂಭವವಿದ್ದರೆ ಮಾತ್ರ ಡಿಸವೋ ಮುಟ್ಟಿ. ಗೂಗಲ್ ಸ್ವತಃ ಹೆಚ್ಚಿನ ತಾಣಗಳಿಗೆ ಇದರ ಅಗತ್ಯವಿಲ್ಲ, ತಪ್ಪಾಗಿ ಬಳಸಿದರೆ ನಷ್ಟ ಎನ್ನುತ್ತದೆ. ಬಿಂಗ್ ಅಂತೂ 2023ರಲ್ಲಿ ತನ್ನ ಡಿಸವೋ ಸೌಲಭ್ಯವನ್ನೇ ಎತ್ತಿಹಾಕಿತು.

ಹೆದರಿಸುವವರು ಮಾತ್ರ ಕಡಿಮೆಯಾಗಿಲ್ಲ. ನಿಮ್ಮ ತಾಣಕ್ಕೆ ಇಷ್ಟು 'ವಿಷಕಾರಿ' ಕೊಂಡಿಗಳಿವೆ ಎಂದು ಕೆಂಪು ಅಂಕ ತೋರಿಸುವ ಸಾಫ್ಟ್‌ವೇರುಗಳಿವೆ. ಆ ಅಂಕ ಗೂಗಲ್ಲಿನದಲ್ಲ, ಸಾಫ್ಟ್‌ವೇರ್ ಮಾರುವವರದು. ಹೊಸಕೋಟೆ ಕಡೆಯ ನರ್ಸರಿಯವರೊಬ್ಬರು ಹೋದ ತಿಂಗಳು ಅಂಥ ಪಟ್ಟಿ ಹಿಡಿದು ಬಂದರು. ಹಿಂದಿನವರು ಕಾಸು ತೆಗೆದುಕೊಂಡು ಮಾಡಿಕೊಟ್ಟ ಪಟ್ಟಿ, ನಾನೂರು ಸಾಲು. ಹೆಚ್ಚಿನವು ಯಂತ್ರಗಳು ಹಾಕಿದ ಕಸ, ಇದ್ದರೂ ಹೋದರೂ ಒಂದೇ. ನಡುವೆ ಒಂದು ಸಾಲಿನಲ್ಲಿ ಯಾರೋ ಕನ್ನಡ ಮೇಷ್ಟ್ರು ನಡೆಸಿ ಎಷ್ಟೋ ವರ್ಷದ ಹಿಂದೆ ನಿಲ್ಲಿಸಿದ ಬ್ಲಾಗಿತ್ತು. ಭಾಷೆ ತಿಳಿಯದ ಸಾಫ್ಟ್‌ವೇರ್ ಅದಕ್ಕೂ ಕೆಂಪು ಬಳಿದಿತ್ತು. ತೆರೆದು ನೋಡಿದೆವು. ಶಾಲೆಗೆ ಹಲಸಿನ ಸಸಿ ಎಲ್ಲಿಂದ ತಂದೆ, ಅದು ಹೇಗೆ ಹಿಡಿಯಿತು ಅಂತ ಅವರು ಬರೆದು, ನರ್ಸರಿಗೆ ಕೊಂಡಿ ಹಾಕಿದ್ದರು. ಆ ನಾನೂರರಲ್ಲಿ ಸಸಿ ಕೊಂಡವರು ಹಾಕಿದ್ದು ಅದೊಂದೇ. "ಇದನ್ನ ಇಟ್ಕೊಳಿ ಸಾರ್" ಅಂದರು ನರ್ಸರಿಯವರು. ಫೈಲನ್ನು ಕಳಿಸದೆ ಹಾಗೇ ಮುಚ್ಚಿದೆ.