ಬೆಳಕಿನ ಬಲದಿಂದ ಇಂಗಾಲದ ಡೈಆಕ್ಸೈಡನ್ನು ಇಂಧನವಾಗಿಸುವ ವೇಗವರ್ಧಕಗಳು

ಬಿಸಿಲನ್ನು ಹೀರಿ ಇಂಗಾಲದ ಡೈಆಕ್ಸೈಡಿನಿಂದ ಕಾರ್ಬನ್ ಮೊನಾಕ್ಸೈಡ್, ಮೀಥೇನ್, ಮೆಥನಾಲ್‌ಗಳಂಥ ಇಂಧನ ಹುಟ್ಟಿಸುವ ವಸ್ತುಗಳಿಗೆ ದ್ಯುತಿವೇಗವರ್ಧಕಗಳೆಂದು ಹೆಸರು. ಹಸಿರೆಲೆಯ ಕೆಲಸವನ್ನು ಹೋಲುವುದರಿಂದ ಈ ಕ್ರಿಯೆ ಕೃತಕ ದ್ಯುತಿಸಂಶ್ಲೇಷಣೆ ಎನಿಸಿಕೊಂಡಿದೆ.

ಕಲ್ಲಿದ್ದಲನ್ನು ಬಿಟ್ಟು ಬಿಸಿಲಿನಿಂದಲೇ ಕೈಗಾರಿಕೆ ನಡೆಸಬೇಕೆಂದು ಇಟಲಿಯ ರಸಾಯನವಿಜ್ಞಾನಿ ಜಾಕೊಮೊ ಚಮಿಚಾನ್ 1912ರಲ್ಲೇ ಪ್ರತಿಪಾದಿಸಿದ್ದರು. ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಮೇಲೆ ಬೆಳಕು ಹಾಯಿಸಿ ನೀರನ್ನು ವಿಭಜಿಸಿದರು. 1979ರಲ್ಲಿ ಅವರೂ ಸಂಗಡಿಗರೂ ಅರೆವಾಹಕ ಪುಡಿಗಳನ್ನು ನೀರಿನಲ್ಲಿ ಕದಡಿ, ಇಂಗಾಲದ ಡೈಆಕ್ಸೈಡಿನಿಂದ ಫಾರ್ಮಿಕ್ ಆಮ್ಲ, ಮೆಥನಾಲ್ ಮುಂತಾದವನ್ನು ಪಡೆದರು. ಆದರೆ ಟೈಟಾನಿಯಂ ಡೈಆಕ್ಸೈಡಿಗೆ ಬೇಕಾದ ನೇರಳಾತೀತ ಕಿರಣ ಬಿಸಿಲಿನಲ್ಲಿರುವುದು ಸುಮಾರು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಫ್ರಾನ್ಸಿನ ಝಾಂ-ಮಾರಿ ಲೆನ್ ತಂಡ 1980ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟ ರೀನಿಯಂ ಸಂಯುಕ್ತ ಕಣ್ಣಿಗೆ ಕಾಣುವ ಬೆಳಕಿನಲ್ಲೇ ಕೆಲಸ ಮಾಡಿತು.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಮಾರ್ ಮಾಜಿ ಅವರ ತಂಡ ಇದೇ ಎಳೆಯನ್ನು ಮುಂದುವರಿಸಿತು. ಜಿರ್ಕೋನಿಯಂ ಆಧಾರದ, ಎಂಒಎಫ್-808 ಎಂಬ ಸೂಕ್ಷ್ಮರಂಧ್ರಗಳ ಚೌಕಟ್ಟಿನೊಳಗೆ ಬೆಳಕು ಹೀರುವ ರುಥೇನಿಯಂ ಸಂಯುಕ್ತವನ್ನೂ ರೀನಿಯಂ ವೇಗವರ್ಧಕವನ್ನೂ ಅಕ್ಕಪಕ್ಕ ಕೂರಿಸಿದ ವ್ಯವಸ್ಥೆಯನ್ನು 2021ರಲ್ಲಿ ಪ್ರಕಟಿಸಿತು. ನೇರ ಬಿಸಿಲಿನಲ್ಲಿ, ನೀರಿನಲ್ಲಿ, ಬೇರೆ ಎಲೆಕ್ಟ್ರಾನ್‌ದಾನಿಯ ನೆರವಿಲ್ಲದೆ ಅದು ಕಾರ್ಬನ್ ಮೊನಾಕ್ಸೈಡನ್ನು ಕೊಟ್ಟಿತು. ಇಂಥ ಬಹಳಷ್ಟು ಪ್ರಯೋಗಗಳಲ್ಲಿ ಎಲೆಕ್ಟ್ರಾನ್ ಒದಗಿಸಲೆಂದೇ ಬೆರೆಸುವ ರಾಸಾಯನಿಕ ಸುಮ್ಮನೆ ಖರ್ಚಾಗಿಬಿಡುತ್ತದೆ. ಅದಿಲ್ಲದೆ ನಡೆದದ್ದೇ ಇಲ್ಲಿನ ದೊಡ್ಡ ಸಾಧನೆ. ಅದೇ ವರ್ಷ ಈ ತಂಡ ಲೋಹವೇ ಇಲ್ಲದ ಪಾಲಿಮರಿನಿಂದ ಮೀಥೇನನ್ನೂ ಪಡೆಯಿತು. ರುಥೇನಿಯಂ, ರೀನಿಯಂ ಎರಡೂ ಅತಿ ವಿರಳವಾದ, ದುಬಾರಿ ಲೋಹಗಳಾದ್ದರಿಂದ ಬೆಲೆಯ ದೃಷ್ಟಿಯಿಂದ ಈ ಎರಡನೆಯ ದಾರಿಯೇ ಹೆಚ್ಚು ಭರವಸೆಯದು.

ಕೊಪ್ಪಳ ಜಿಲ್ಲೆಗೆ ಈ ರಸಾಯನಶಾಸ್ತ್ರ ದೂರದ್ದಲ್ಲ. ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರ ಸುತ್ತಲಿನ ಕಬ್ಬಿಣ, ಸ್ಪಾಂಜ್ ಐರನ್ ಕಾರ್ಖಾನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಅದಿರಿನ ಆಮ್ಲಜನಕವನ್ನು ಕಿತ್ತುಕೊಂಡು ಇಂಗಾಲದ ಡೈಆಕ್ಸೈಡಾಗಿ ಹೊರಬೀಳುತ್ತದೆ. ಜಕ್ಕೂರಿನ ಮೊದಲ ವೇಗವರ್ಧಕ ಮಾಡುವುದು ಇಂಗಾಲದ ಮಟ್ಟಿಗೆ ಇದರ ತಿರುಗುಮುರುಗು ಕೆಲಸ. ಯಲಬುರ್ಗಾ, ಕುಷ್ಟಗಿಯ ಗಾಳಿಯಂತ್ರಗಳು ಈಗಾಗಲೇ ಹೊಗೆಯಿಲ್ಲದ ವಿದ್ಯುತ್ ಕೊಡುತ್ತಿವೆ. ದ್ಯುತಿವೇಗವರ್ಧಕಗಳು ಮಾತ್ರ ಇನ್ನೂ ಪ್ರಯೋಗಾಲಯ ದಾಟಿ ಚಿಮಣಿಯವರೆಗೆ ಬಂದಿಲ್ಲ. ಚಿಮಣಿ ಅನಿಲದಲ್ಲಿರುವ ಗಂಧಕ, ದೂಳು ಅವುಗಳನ್ನು ಬೇಗ ಕೆಡಿಸಬಲ್ಲವು.

2025ರ ಫೆಬ್ರುವರಿಯಲ್ಲಿ ಉಕ್ಕಿನ ಕಾರ್ಖಾನೆಯ ವಿಸ್ತರಣೆ ವಿರೋಧಿಸಿ ಕೊಪ್ಪಳ ಬಂದ್ ನಡೆದಾಗ ಜನ ಬೀದಿಗಿಳಿದದ್ದು ಕಪ್ಪು ದೂಳಿನಿಂದ ಬೇಸತ್ತು. ಆ ದೂಳನ್ನು ಯಾವ ದ್ಯುತಿವೇಗವರ್ಧಕವೂ ತಡೆಯದು. ತಡೆಯುವ ಚೀಲಶೋಧಕ, ಸ್ಥಿರವಿದ್ಯುತ್ತಿನಿಂದ ದೂಳು ಸೆಳೆಯುವ ಇಎಸ್‌ಪಿ ಯಂತ್ರಗಳು ದಶಕಗಳಿಂದ ಬಳಕೆಯಲ್ಲಿವೆ.